ಒಂದು ತಪ್ಪು ಸಂಖ್ಯೆ, ಒಂದು ಮರದ ಪೆಟ್ಟಿಗೆ

ರೈಟ್ ಸಹೋದರರ ಕಥೆ ನಮಗೆಲ್ಲ ಗೊತ್ತು. ಅಮೆರಿಕದ ಡೇಟನ್ ಊರಿನ ಸೈಕಲ್ ಅಂಗಡಿಯವರು, 1903ರ ಡಿಸೆಂಬರ್ 17, 12 ಸೆಕೆಂಡಿನ ಹಾರಾಟ. ಶಾಲೆಯ ಪಾಠ ಇಷ್ಟಕ್ಕೇ ಮುಗಿಯುತ್ತದೆ. ನನಗೆ ಮಾತ್ರ ಆ 12 ಸೆಕೆಂಡಿಗಿಂತ ಅದಕ್ಕೂ ಎರಡು ವರ್ಷ ಹಿಂದಿನ ಕೆಲವು ವಾರಗಳು ಜಾಸ್ತಿ ಇಷ್ಟ. 1901ರ ಕೊನೆಯಲ್ಲಿ ಅಣ್ಣ ವಿಲ್ಬರ್ ಮತ್ತು ತಮ್ಮ ಆರ್ವಿಲ್ ತಮ್ಮ ಅಂಗಡಿಯಲ್ಲಿ ಒಂದು ಮರದ ಪೆಟ್ಟಿಗೆಯ ಮುಂದೆ ನಿಂತು, ತಗಡಿನ ಚೂರುಗಳ ಮೇಲೆ ಗಾಳಿ ಬಿಟ್ಟು ಅಳೆಯುತ್ತಿದ್ದರು. ವಿಮಾನ ನಿಜವಾಗಿ ಹುಟ್ಟಿದ್ದು ಆ ಪೆಟ್ಟಿಗೆಯಲ್ಲೇ ಎಂದು ನನಗೆ ಅನಿಸುತ್ತದೆ.

ಆ ಪೆಟ್ಟಿಗೆ ಬೇಕಾಗಿ ಬಂದದ್ದು ಒಂದು ಸೋಲಿನಿಂದ.

1901ರ ಬೇಸಿಗೆಯಲ್ಲಿ ಇಬ್ಬರೂ ಉತ್ತರ ಕರೊಲಿನಾದ ಕರಾವಳಿಯ ಕಿಟ್ಟಿ ಹಾಕ್‌ಗೆ ಹೋಗಿದ್ದರು. ಅಲ್ಲಿ ಗಾಳಿ ಜೋರು, ನೆಲ ಪೂರ್ತಿ ಮರಳು. ಬಿದ್ದರೂ ಮೂಳೆ ಮುರಿಯುವ ಭಯ ಕಡಿಮೆ. ಅವರು ತಂದಿದ್ದ ಗ್ಲೈಡರ್‌ಗೆ ಎಂಜಿನ್ ಇರಲಿಲ್ಲ. ಒಂದರ ಮೇಲೊಂದು ಎರಡು ರೆಕ್ಕೆ, ಒಂದು ತುದಿಯಿಂದ ಇನ್ನೊಂದು ತುದಿಗೆ 22 ಅಡಿ, ಒಟ್ಟು 290 ಚದರ ಅಡಿ. ಅಷ್ಟು ದೊಡ್ಡ ಗ್ಲೈಡರನ್ನು ಅಲ್ಲಿಯವರೆಗೆ ಯಾರೂ ಹಾರಿಸಿರಲಿಲ್ಲ. ಲೆಕ್ಕದ ಪ್ರಕಾರ ಅದು ಒಬ್ಬ ಮನುಷ್ಯನನ್ನು ಆರಾಮಾಗಿ ಎತ್ತಬೇಕಿತ್ತು. ಆದರೆ ಸಿಕ್ಕ ಬಲ ಲೆಕ್ಕ ಹಾಕಿದ್ದರಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ. ಸಾಲದ್ದಕ್ಕೆ, ಒಂದು ಕಡೆ ತಿರುಗಿಸಿದರೆ ಕೆಲವೊಮ್ಮೆ ಇನ್ನೊಂದು ಕಡೆಗೇ ಹೊರಳುತ್ತಿತ್ತು. ಆ ವರ್ಷ ಸೊಳ್ಳೆ ಕಾಟ ಬೇರೆ, ರಾತ್ರಿ ನಿದ್ದೆಯೂ ಇಲ್ಲ. ಇಬ್ಬರೂ ಬೇಸತ್ತು ಊರಿಗೆ ಮರಳಿದರು. ಮನುಷ್ಯ ಇನ್ನು 50 ವರ್ಷ ಹಾರಲಾರ ಎಂದು 1901ರಲ್ಲಿ ತಮ್ಮನಿಗೆ ಹೇಳಿದ್ದನ್ನು ವಿಲ್ಬರ್ 1908ರಲ್ಲಿ ತಾನೇ ನೆನಪಿಸಿಕೊಂಡಿದ್ದಾನೆ.

ತಪ್ಪು ಎಲ್ಲಿ ಆಗಿತ್ತು? ಅದನ್ನು ತಿಳಿಯಲು ಅವರು ಯಾವ ಲೆಕ್ಕ ನಂಬಿದ್ದರು ಅಂತ ನೋಡಬೇಕು.

ಒಂದು ಹಲಗೆಯನ್ನು ಗಾಳಿಗೆ ಎದುರಾಗಿ ಹಿಡಿಯಿರಿ. ಗಾಳಿ ಅದನ್ನು ಎಷ್ಟು ಬಲವಾಗಿ ತಳ್ಳುತ್ತದೆ? ಹಲಗೆ ಎರಡು ಪಟ್ಟು ದೊಡ್ಡದಾದರೆ ತಳ್ಳುವ ಬಲವೂ ಎರಡು ಪಟ್ಟು. ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಇವೆರಡನ್ನೂ ಗುಣಿಸಿ, ಕೊನೆಗೆ ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿದರೆ ಉತ್ತರ ಸಿಗುತ್ತದೆ. ಆಗಿನ ಪುಸ್ತಕಗಳಲ್ಲಿ ಆ ಸ್ಥಿರ ಸಂಖ್ಯೆ 0.005. ಅಂದರೆ ಗಂಟೆಗೆ 10 ಮೈಲಿ ಬೀಸುವ ಗಾಳಿ ಒಂದು ಚದರ ಅಡಿ ಹಲಗೆಯನ್ನು ಅರ್ಧ ಪೌಂಡ್ ಬಲದಿಂದ ತಳ್ಳಬೇಕು. ರೆಕ್ಕೆಯ ವಿಷಯದಲ್ಲೂ ಇದೇ ಲೆಕ್ಕ. ಆಕಾರಕ್ಕೂ ಓರೆಗೂ ತಕ್ಕಂತೆ ಇನ್ನೊಂದು ಅಂಕಿಯಿಂದ ಗುಣಿಸಬೇಕು, ಅಷ್ಟೇ.

ಈ 0.005 ಬಂದದ್ದು ಜಾನ್ ಸ್ಮೀಟನ್ ಎಂಬ ಇಂಗ್ಲಿಷ್ ಎಂಜಿನಿಯರ್‌ನಿಂದ. ಅವನು 1759ರಲ್ಲಿ ಗಾಳಿಗಿರಣಿ ಮತ್ತು ನೀರಿನ ಚಕ್ರಗಳ ಮೇಲೆ ಬರೆದ ಪ್ರಬಂಧದಲ್ಲಿ ಗಾಳಿಯ ಒತ್ತಡದ ಒಂದು ಕೋಷ್ಟಕ ಇತ್ತು. ಅದು ಅವನ ಸ್ವಂತ ಅಳತೆಯೂ ಆಗಿರಲಿಲ್ಲ, ಸ್ನೇಹಿತನೊಬ್ಬ ಕೊಟ್ಟದ್ದು. ಸ್ಮೀಟನ್ ದೊಡ್ಡ ಹೆಸರು. ಗಾಳಿಗಿರಣಿ ಕಟ್ಟುವವರಿಗೆ ಸ್ವಲ್ಪ ಹೆಚ್ಚುಕಡಿಮೆ ಆದರೆ ತೊಂದರೆಯೂ ಇರಲಿಲ್ಲ. ಹಾಗಾಗಿ ಆ ಸಂಖ್ಯೆ ಸುಮಾರು ಒಂದೂವರೆ ಶತಮಾನ ಪುಸ್ತಕದಿಂದ ಪುಸ್ತಕಕ್ಕೆ ಇಳಿದು ಬಂತು.

ರೈಟ್ ಸಹೋದರರು ನೆಚ್ಚಿಕೊಂಡ ಎರಡನೇ ಆಸರೆ ಜರ್ಮನಿಯ ಓಟೊ ಲಿಲಿಯೆಂಥಾಲ್. ಅವನ ಬಗ್ಗೆ ಹೇಳುವ ಮೊದಲು ಇನ್ನೊಬ್ಬನನ್ನು ನೆನೆಯಬೇಕು. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಜಮೀನುದಾರ ಜಾರ್ಜ್ ಕೇಲಿ 1799ರಲ್ಲಿ ಒಂದು ಪುಟ್ಟ ಬೆಳ್ಳಿಯ ಬಿಲ್ಲೆಯ ಮೇಲೆ ಹಾರುವ ಯಂತ್ರವೊಂದನ್ನು ಕೆತ್ತಿದ. ಅದರ ರೆಕ್ಕೆ ಅಲ್ಲಾಡುವುದಿಲ್ಲ. ಹಿಂದೆ ಬಾಲ ಇದೆ. ಮುಂದಕ್ಕೆ ತಳ್ಳಲು ಬೇರೆಯೇ ಹುಟ್ಟುಗಳಿವೆ. ಬಿಲ್ಲೆಯ ಇನ್ನೊಂದು ಬದಿಯಲ್ಲಿ ಓರೆಯಾದ ರೆಕ್ಕೆಗೆ ಗಾಳಿ ಬಡಿದಾಗ ಮೇಲಕ್ಕೆ ಎತ್ತುವ ಬಲ ಎಷ್ಟು, ಹಿಂದಕ್ಕೆ ಎಳೆಯುವ ಬಲ ಎಷ್ಟು ಎಂಬ ಚಿತ್ರ. ಅಲ್ಲಿಯವರೆಗೆ ಹಾರಬೇಕೆಂದವರಲ್ಲಿ ಹೆಚ್ಚಿನವರು ಹಕ್ಕಿಯ ಹಾಗೆ ರೆಕ್ಕೆ ಬಡಿಯುವ ಯೋಚನೆಯಲ್ಲೇ ಇದ್ದರು. ಎತ್ತುವ ಕೆಲಸ ಬೇರೆ, ಮುಂದಕ್ಕೆ ತಳ್ಳುವ ಕೆಲಸ ಬೇರೆ ಎಂದು ಬಿಡಿಸಿ ನೋಡಿದ್ದು ಕೇಲಿ. ಇವತ್ತಿನ ಪ್ರತಿಯೊಂದು ವಿಮಾನವೂ ಆ ಬಿಲ್ಲೆಗೆ ಋಣಿ. 1853ರಲ್ಲಿ ಅವನ ಗ್ಲೈಡರ್ ಅವನ ಗಾಡಿಯವನನ್ನು ಹೊತ್ತು ಒಂದು ಕಣಿವೆಯ ಮೇಲೆ ತೇಲಿತು. ನೆಲಕ್ಕೆ ಇಳಿದ ಕೂಡಲೇ ಆ ಗಾಡಿಯವ, ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಗಾಡಿ ಓಡಿಸಲು, ಹಾರಲು ಅಲ್ಲ, ಇನ್ನು ಈ ಕೆಲಸ ಬೇಡ ಎಂದನಂತೆ. ಕೇಲಿಯ ಮೊಮ್ಮಗಳು ಎಷ್ಟೋ ವರ್ಷದ ಮೇಲೆ ಹೇಳಿದ ಕಥೆ ಇದು.

ಲಿಲಿಯೆಂಥಾಲ್ ಕೇಲಿಗಿಂತ ಮುಂದೆ ಹೋದ. ಮೊದಲು ವರ್ಷಗಟ್ಟಲೆ ಅಳೆದ, ಬಾಗಿದ ರೆಕ್ಕೆ ಚಪ್ಪಟೆ ರೆಕ್ಕೆಗಿಂತ ಎಷ್ಟು ಮೇಲು ಎಂದು ಕೋಷ್ಟಕ ಮಾಡಿ 1889ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಆಮೇಲೆ ತಾನೇ ಹಾರಿದ. ಬರ್ಲಿನ್ ಹತ್ತಿರ 15 ಮೀಟರ್ ಎತ್ತರದ ದಿಬ್ಬವನ್ನೇ ಕಟ್ಟಿಸಿಕೊಂಡ. ಐದು ವರ್ಷಗಳಲ್ಲಿ ಸುಮಾರು 2000 ಸಲ ತೇಲಿದ, ಒಮ್ಮೊಮ್ಮೆ 250 ಮೀಟರ್ ದೂರದವರೆಗೆ. ರೆಕ್ಕೆಯ ನಡುವೆ ತೋಳೂರಿ ನೇತಾಡುತ್ತಾ, ಕಾಲನ್ನು ಆ ಕಡೆ ಈ ಕಡೆ ಬೀಸಿ ಮೈಭಾರದಿಂದಲೇ ಸಮತೋಲ ಕಾಯುತ್ತಿದ್ದ. ಸಣ್ಣ ಗಾಳಿಗೆ ಅದು ಸಾಕು. 1896ರ ಆಗಸ್ಟ್ 9ರಂದು ಗಾಳಿ ಅವನ ಗ್ಲೈಡರ್‌ನ ಮೂತಿಯನ್ನು ಮೇಲೆತ್ತಿತು. ಸುಮಾರು 15 ಮೀಟರ್ ಎತ್ತರದಿಂದ ಬಿದ್ದ, ಮರುದಿನ ತೀರಿಕೊಂಡ. ಅವನ ಸಾವಿನ ಸುದ್ದಿ ಓದಿದ ಮೇಲೆಯೇ ರೈಟ್ ಸಹೋದರರಿಗೆ ಹಾರಾಟದ ಗುಂಗು ಮತ್ತೆ ಹಿಡಿದದ್ದು.

ಆ ಸಾವಿನಿಂದ ಅವರು ಕಲಿತ ಪಾಠ ಬೇರೆಯವರು ಕಲಿತದ್ದಕ್ಕಿಂತ ಬೇರೆ. ಎಂಜಿನ್ ಬಲ ಸಾಕಷ್ಟಿದ್ದರೆ ಯಂತ್ರ ತಾನಾಗಿ ಹಾರುತ್ತದೆ ಎಂದು ನಂಬಿದವರು ಆಗ ಬೇಕಾದಷ್ಟು ಜನ ಇದ್ದರು. ಹೈರಮ್ ಮ್ಯಾಕ್ಸಿಮ್ ಎಂಬ ಸಂಶೋಧಕ 1894ರಲ್ಲಿ ಉಗಿ ಎಂಜಿನ್ ಇದ್ದ, ಮೂರೂವರೆ ಟನ್ ತೂಕದ ಹಾರುವ ಯಂತ್ರವನ್ನು ಹಳಿಯ ಮೇಲೆ ಓಡಿಸಿದ. ಅದು ನೆಲದಿಂದ ಎದ್ದೂ ಎದ್ದಿತು, ತಡೆಹಳಿ ಮುರಿದುಕೊಂಡು ಹಾಳಾಯಿತು. ಎದ್ದ ಮೇಲೆ ಅದನ್ನು ಹಿಡಿತದಲ್ಲಿ ಇಡುವುದು ಹೇಗೆ ಎಂಬುದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ರೈಟ್ ಸಹೋದರರಿಗೆ ಸೈಕಲ್ ಗೊತ್ತಿತ್ತು. ಸೈಕಲ್ ತಾನಾಗಿ ನಿಲ್ಲುವುದಿಲ್ಲ, ಕ್ಷಣಕ್ಷಣಕ್ಕೂ ಸವಾರನೇ ಸರಿಮಾಡುತ್ತಿರಬೇಕು. ತಿರುವಿನಲ್ಲಿ ಒಳಕ್ಕೆ ವಾಲಬೇಕು. ವಿಮಾನವೂ ಹೀಗೇ ವಾಲಿ ತಿರುಗಬೇಕು ಎಂದು ಅವರಿಗೆ ಹೊಳೆಯಿತು.

ವಾಲಿಸುವುದು ಹೇಗೆ? 1899ರಲ್ಲಿ ವಿಲ್ಬರ್ ಅಂಗಡಿಯಲ್ಲಿ ಗಿರಾಕಿಯೊಬ್ಬರ ಜೊತೆ ಮಾತಾಡುತ್ತಾ ಟ್ಯೂಬಿನ ಖಾಲಿ ರಟ್ಟಿನ ಡಬ್ಬಿಯನ್ನು ಸುಮ್ನೆ ಕೈಯಲ್ಲಿ ತಿರುಚುತ್ತಿದ್ದ. ಉದ್ದನೆಯ ಡಬ್ಬಿ. ಒಂದು ತುದಿ ಈ ಕಡೆ ತಿರುಚಿದರೆ ಇನ್ನೊಂದು ತುದಿ ಆ ಕಡೆ, ಆದರೂ ಡಬ್ಬಿ ಗಟ್ಟಿಯಾಗೇ ಇದೆ. ಒಂದರ ಮೇಲೊಂದು ಇರುವ ಎರಡು ರೆಕ್ಕೆಗಳನ್ನೂ ತಂತಿ ಎಳೆದು ಹೀಗೇ ತಿರುಚಿದರೆ ಒಂದು ಬದಿಯ ರೆಕ್ಕೆ ಗಾಳಿಗೆ ಹೆಚ್ಚು ಓರೆಯಾಗಿ ಮೇಲೇಳುತ್ತದೆ, ಇನ್ನೊಂದು ಬದಿ ಇಳಿಯುತ್ತದೆ. ವಿಮಾನ ವಾಲುತ್ತದೆ. ಲಿಲಿಯೆಂಥಾಲ್ ಇಡೀ ಮೈ ಬೀಸಿ ಮಾಡಬೇಕಿದ್ದ ಕೆಲಸ ಒಂದು ತಂತಿಯಿಂದ ಆಗುತ್ತದೆ.

ಈ ಉಪಾಯ ಸರಿಯಾಗೇ ಇತ್ತು. ರೆಕ್ಕೆಯ ಎತ್ತುವ ಬಲವೇ ಕೈಕೊಟ್ಟದ್ದು.

1901ರ ಸೆಪ್ಟೆಂಬರ್ 18ರಂದು ವಿಲ್ಬರ್ ಷಿಕಾಗೊದ ಎಂಜಿನಿಯರ್‌ಗಳ ಸಂಘದಲ್ಲಿ ಮಾತಾಡಬೇಕಿತ್ತು. ಆಕ್ಟೇವ್ ಶನೂಟ್ ಎಂಬ ಹಿರಿಯ ಎಂಜಿನಿಯರ್ ಕರೆದಿದ್ದ. ವಿಲ್ಬರ್‌ಗೆ ಹೋಗಲು ಮನಸ್ಸಿರಲಿಲ್ಲ, ತಂಗಿ ಕ್ಯಾಥರಿನ್ ಬಿಡದೆ ಹೊರಡಿಸಿದಳು. ಅಲ್ಲಿ ಅವನು ಒಂದು ಹಾಳೆಯ ಉದಾಹರಣೆ ಕೊಟ್ಟ. ಕಾಗದವನ್ನು ನೆಲಕ್ಕೆ ಸಮವಾಗಿ ಹಿಡಿದು ಕೈಬಿಟ್ಟರೆ ಅದು ಮರ್ಯಾದೆಯಿಂದ ನೆಟ್ಟಗೆ ಇಳಿಯುವುದಿಲ್ಲ, ಹೊರಳಾಡುತ್ತಾ ಅತ್ತಿತ್ತ ನುಗ್ಗುತ್ತದೆ. ಹಾರಬೇಕೆನ್ನುವವರು ಪಳಗಿಸಬೇಕಾದ ಕುದುರೆ ಇಂಥದ್ದು ಎಂದ. ನೀವೂ ಒಂದು ಹಾಳೆ ಬಿಟ್ಟು ನೋಡಿ. ಸಮತೋಲವೇ ಹಾರಾಟದ ಕಷ್ಟ ಎಂದು ಇದಕ್ಕಿಂತ ಚೆನ್ನಾಗಿ ಹೇಳುವುದು ಸಾಧ್ಯವಿಲ್ಲ.

ಷಿಕಾಗೊದಿಂದ ಬಂದ ಮೇಲೆ ಅಳತೆ ಶುರುವಾಯಿತು. ಮೊದಲ ಪ್ರಯೋಗಕ್ಕೆ ಸೈಕಲ್ಲೇ ಸಾಧನ. ಹ್ಯಾಂಡಲ್‌ಬಾರ್‌ನ ಮುಂದೆ ಮೂರನೇ ಚಕ್ರವೊಂದನ್ನು ಅಡ್ಡಡ್ಡ ಮಲಗಿಸಿ, ಸಲೀಸಾಗಿ ತಿರುಗುವಂತೆ ಕೂರಿಸಿದರು. ಅದರ ಅಂಚಿಗೆ ಒಂದು ಚಪ್ಪಟೆ ತಗಡು, ಇನ್ನೊಂದು ಕಡೆ ಪುಟ್ಟ ಬಾಗಿದ ರೆಕ್ಕೆ. ಸೈಕಲ್ ತುಳಿದಾಗ ಎದುರುಗಾಳಿ ಎರಡರ ಮೇಲೂ ಬಡಿಯುತ್ತದೆ. ಎರಡೂ ಸಮವಾದರೆ ಚಕ್ರ ತಿರುಗದೆ ನಿಲ್ಲುತ್ತದೆ. ಕೋಷ್ಟಕ ಮತ್ತು ಹಳೆಯ ಲೆಕ್ಕದ ಪ್ರಕಾರ ಬಾಗಿದ ರೆಕ್ಕೆಯನ್ನು 5 ಡಿಗ್ರಿ ಓರೆಯಲ್ಲಿ ಇಟ್ಟರೆ ಸಮವಾಗಬೇಕು. ಡೇಟನ್ ರಸ್ತೆಯಲ್ಲಿ ಅದು ಸಮವಾದದ್ದು 18 ಡಿಗ್ರಿಯಲ್ಲಿ. ಲೆಕ್ಕದಲ್ಲಿ ಏನೋ ಕೆಟ್ಟಿದೆ ಎಂಬುದು ಖಚಿತವಾಯಿತು. ಆದರೆ ರಸ್ತೆಯ ಗಾಳಿ ನಂಬುವಂಥದ್ದಲ್ಲ. ನಿಖರವಾಗಿ ಅಳೆಯಲು ನಮ್ಮದೇ ಗಾಳಿ ಬೇಕು ಎಂದು ಪೆಟ್ಟಿಗೆ ಕಟ್ಟಿದರು.

6 ಅಡಿ ಉದ್ದ, ಒಳಗೆ 16 ಅಂಗುಲ ಚೌಕ. ಒಂದು ತುದಿಯಲ್ಲಿ ಫ್ಯಾನ್, ಅದನ್ನು ತಿರುಗಿಸಲು ಅಂಗಡಿಯ ಗ್ಯಾಸ್ ಎಂಜಿನ್. ಒಳಗೆ ಗಂಟೆಗೆ ಸುಮಾರು 27 ಮೈಲಿ ವೇಗದ ಗಾಳಿ. ಫ್ಯಾನಿನ ಗಾಳಿ ಸುರುಳಿ ಸುತ್ತುತ್ತದೆ, ಅದನ್ನು ನೇರ ಮಾಡಲು ಜಾಲರಿ. ಮೇಲೆ ಇಣುಕಿ ನೋಡಲು ಗಾಜು. ಅಳೆಯುವಾಗ ಕೋಣೆಯಲ್ಲಿ ದೊಡ್ಡ ಸಾಮಾನು ಯಾವುದನ್ನೂ ಸರಿಸುವಂತಿರಲಿಲ್ಲ, ಅಷ್ಟಕ್ಕೇ ಗಾಳಿಯ ದಿಕ್ಕು ಬದಲಾಗುತ್ತಿತ್ತು. ಇಂಥ ಗಾಳಿಯ ಪೆಟ್ಟಿಗೆ, ಅಂದರೆ ವಿಂಡ್ ಟನಲ್, ಇವರ ಶೋಧನೆ ಏನಲ್ಲ, ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ವೆನ್ಹ್ಯಾಮ್ 1871ರಲ್ಲೇ ಒಂದನ್ನು ಮಾಡಿಸಿದ್ದ. ಇವರ ಹೆಚ್ಚುಗಾರಿಕೆ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿತ್ತು.

ಆ ತಕ್ಕಡಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಇಡೀ ಕಥೆಯಲ್ಲಿ ಇಷ್ಟು ಜಾಣತನದ ವಸ್ತು ಇನ್ನೊಂದಿಲ್ಲ. ಹ್ಯಾಕ್‌ಸಾ ಬ್ಲೇಡಿನ ತುಂಡುಗಳು, ಸೈಕಲ್ ಸ್ಪೋಕಿನ ತಂತಿ, ಇಷ್ಟೇ ಸಾಮಾನು. ನೋಡಲು ಒರಟು. ಮೇಲಿನ ಅಡ್ಡಪಟ್ಟಿಗೆ ಪರೀಕ್ಷೆಯ ರೆಕ್ಕೆ ನಿಲ್ಲಿಸುತ್ತಾರೆ. ಕೆಳಗಿನ ಅಡ್ಡಪಟ್ಟಿಯಲ್ಲಿ ಗಾಳಿಗೆ ನೇರ ಎದುರಾದ ಚಪ್ಪಟೆ ಪಟ್ಟಿಗಳು. ಗಾಳಿ ಬಿಟ್ಟಾಗ ರೆಕ್ಕೆ ಪಕ್ಕಕ್ಕೆ ಎಳೆಯುತ್ತದೆ, ಪಟ್ಟಿಗಳು ಹಿಂದಕ್ಕೆ ತಳ್ಳುತ್ತವೆ. ಎರಡೂ ಸಮವಾದ ಕಡೆ ಮುಳ್ಳು ನಿಲ್ಲುತ್ತದೆ. ಆ ಕೋನ ಓದಿಕೊಂಡರೆ ಆಯಿತು. ಗಾಳಿ ಸ್ವಲ್ಪ ಜೋರಾದರೆ ಎರಡೂ ಕಡೆ ಒಂದೇ ಪಟ್ಟು ಜೋರಾಗುತ್ತದೆ, ಹಾಗಾಗಿ ವೇಗ ಅಳೆಯುವ ತಾಪತ್ರಯವೇ ಇಲ್ಲ. ಸ್ಮೀಟನ್‌ನ ಸಂಖ್ಯೆಯೂ ಎರಡು ಕಡೆ ಇರುವುದರಿಂದ ಹೊಡೆದು ಹೋಗುತ್ತದೆ. ಯಾವ ಅಂಕಿಯ ಮೇಲೆ ಅನುಮಾನವೋ ಆ ಅಂಕಿಯೇ ಬೇಕಾಗದಂತೆ ಉಪಕರಣ ಮಾಡಿಬಿಟ್ಟರು! ಇಬ್ಬರೂ ಕಾಲೇಜು ಮೆಟ್ಟಿಲು ಹತ್ತಿದವರಲ್ಲ.

ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಉಕ್ಕಿನ ತಗಡನ್ನು ಕತ್ತರಿಸಿ, ಸುತ್ತಿಗೆಯಿಂದ ಬಡಿದು ಬಾಗಿಸಿ, ಬೇಕಾದ ಕಡೆ ಬೆಸುಗೆ ಮತ್ತು ಮೇಣ ಹಚ್ಚಿ ಆಕಾರ ಕೊಟ್ಟವು ಅವು. ಕೆಲವು ಅಗಲ, ಕೆಲವು ಕಿರಿದು. ಕೆಲವು ಹೆಚ್ಚು ಬಾಗಿದವು, ಕೆಲವು ಕಡಿಮೆ. ಪ್ರತಿಯೊಂದನ್ನೂ ಬೇರೆ ಬೇರೆ ಓರೆಯಲ್ಲಿ ಇಟ್ಟು ಅಳೆದರು. ಈ ಅಂಕಿಗಳನ್ನು ಕಿಟ್ಟಿ ಹಾಕ್‌ನಲ್ಲಿ ಗ್ಲೈಡರನ್ನು ಗಾಳಿಪಟದಂತೆ ಹಾರಿಸಿ ಬರೆದಿಟ್ಟಿದ್ದ ಬಲದ ಜೊತೆ ಹೋಲಿಸಿದಾಗ ಸ್ಮೀಟನ್‌ನ ಸಂಖ್ಯೆ ಬಯಲಾಯಿತು. ಅದು 0.005 ಅಲ್ಲ, ಸುಮಾರು 0.0033. ಈಗಿನ ಅಳತೆಯೂ ಅದಕ್ಕೆ ತೀರಾ ಹತ್ತಿರ. ಅರ್ಧ ಪೌಂಡ್ ಎಂದುಕೊಂಡ ಕಡೆ ಗಾಳಿ ಕೊಡುತ್ತಿದ್ದದ್ದು ಮೂರನೇ ಒಂದು ಪೌಂಡ್.

ಲಿಲಿಯೆಂಥಾಲ್ ವಿಷಯದಲ್ಲಿ ಅವರಿಗೆ ಸಮಾಧಾನವೇ ಆಯಿತು. ಅವನ ಕೋಷ್ಟಕ ಬಹುಮಟ್ಟಿಗೆ ಸರಿ ಇತ್ತು, ಆದರೆ ಅವನು ಅಳೆದ ಆಕಾರದ ರೆಕ್ಕೆಗೆ ಮಾತ್ರ. ಇವರ ರೆಕ್ಕೆ ಹೆಚ್ಚು ಅಗಲ, ಕಡಿಮೆ ಉದ್ದ. ಅಷ್ಟೇ ವಿಸ್ತಾರ ಇದ್ದರೂ ಉದ್ದವಾಗಿ ಕಿರಿದಾಗಿರುವ ರೆಕ್ಕೆ ಹೆಚ್ಚು ಎತ್ತುತ್ತದೆ ಎಂದು ಪೆಟ್ಟಿಗೆ ಹೇಳಿತು. ಹದ್ದು, ಕಡಲಹಕ್ಕಿಗಳ ರೆಕ್ಕೆ ನೋಡಿದವರಿಗೆ ಇದು ಆಶ್ಚರ್ಯವಲ್ಲ, ಅಲ್ವಾ?

ಡಿಸೆಂಬರ್‌ನಲ್ಲಿ ಪ್ರಯೋಗ ನಿಲ್ಲಿಸಿದರು. ಮುಂದಿನ ವರ್ಷದ ವ್ಯಾಪಾರಕ್ಕೆ ಸೈಕಲ್ ತಯಾರಿಸುವ ಕೆಲಸ ಬಾಕಿ ಇತ್ತು.

ವಿಮಾನಕ್ಕೆ ಮೊದಲು ಅದರ ಪುಟ್ಟ ಮಾದರಿಯ ಮೇಲೆ ಗಾಳಿ ಬಿಟ್ಟು ನೋಡುವ ಪದ್ಧತಿ ಈಗ ಎಲ್ಲ ಕಡೆ ಇದೆ. ಬೆಂಗಳೂರಿನ ಎನ್‌ಎಎಲ್ ಎಂಬ ವಿಮಾನ ಸಂಶೋಧನಾಲಯದಲ್ಲಿ 1967ರಿಂದ ನಡೆಯುತ್ತಿರುವ 1.2 ಮೀಟರ್ ವಿಂಡ್ ಟನಲ್‌ನಲ್ಲಿ ತೇಜಸ್ ವಿಮಾನದ ಮಾದರಿಗಳೂ ಇಸ್ರೋ ರಾಕೆಟ್‌ಗಳ ಮಾದರಿಗಳೂ ಪರೀಕ್ಷೆಯಾಗಿವೆ. ಅಲ್ಲಿ ಗಾಳಿ ಶಬ್ದದ ವೇಗದ ನಾಲ್ಕು ಪಟ್ಟಿನವರೆಗೂ ನುಗ್ಗಬಲ್ಲದು. ಕೇಳುವ ಪ್ರಶ್ನೆ ಮಾತ್ರ ಹಳೆಯದೇ: ಈ ಆಕಾರದ ಮೇಲೆ ಗಾಳಿಯ ಬಲ ಎಷ್ಟು?

1902ರ ಗ್ಲೈಡರ್‌ನ ರೆಕ್ಕೆ 32 ಅಡಿ ಉದ್ದ, 5 ಅಡಿ ಅಗಲ. ಲೆಕ್ಕ ಹೇಳಿದಷ್ಟೇ ಎತ್ತಿತು. ಒಂದೇ ತೊಡಕು ಉಳಿಯಿತು. ರೆಕ್ಕೆ ತಿರುಚಿದಾಗ ಕೆಲವೊಮ್ಮೆ ಗ್ಲೈಡರ್ ಇಳಿದ ರೆಕ್ಕೆಯ ಕಡೆಗೇ ಜಾರಿ, ಗಿರ್ರನೆ ಸುತ್ತಿ ಮರಳಿಗೆ ಕುತ್ತುತ್ತಿತ್ತು. ಬಾವಿ ತೋಡುವುದು ಎಂದು ಅವರೇ ಅದಕ್ಕೆ ಹೆಸರಿಟ್ಟಿದ್ದರು. ಹೆಚ್ಚು ಎತ್ತುವ ರೆಕ್ಕೆ ಗಾಳಿಯನ್ನೂ ಹೆಚ್ಚು ತಡೆಯುತ್ತದೆ, ಹಾಗಾಗಿ ಹಿಂದುಳಿಯುತ್ತದೆ. ಹಿಂದಿನ ಬಾಲ ಆಗ ಅಲ್ಲಾಡದ ಹಾಗೆ ಬಿಗಿದಿತ್ತು. ಅಕ್ಟೋಬರ್‌ನ ಒಂದು ರಾತ್ರಿ ಕಾಫಿ ಜಾಸ್ತಿ ಕುಡಿದು ನಿದ್ದೆ ಬಾರದೆ ಮಲಗಿದ್ದ ಆರ್ವಿಲ್‌ಗೆ ಬಾಲವನ್ನು ಚುಕ್ಕಾಣಿಯಂತೆ ತಿರುಗಿಸಿದರೆ ಹೇಗೆ ಎಂದು ಹೊಳೆಯಿತು. ಬೆಳಿಗ್ಗೆ ಅಣ್ಣನಿಗೆ ಹೇಳಿದ. ವಿಲ್ಬರ್ ಸ್ವಲ್ಪ ಯೋಚಿಸಿ, ಹಾಗಾದರೆ ರೆಕ್ಕೆ ತಿರುಚುವ ತಂತಿಗೇ ಅದನ್ನೂ ಕಟ್ಟೋಣ ಎಂದ. ಮೂತಿಯನ್ನು ಮೇಲೆ ಕೆಳಗೆ ಮಾಡಲು ಮುಂದಿನ ಪುಟ್ಟ ರೆಕ್ಕೆ, ವಾಲಲು ತಿರುಚುವ ರೆಕ್ಕೆ, ಮೂತಿಯನ್ನು ಎಡಬಲಕ್ಕೆ ತರಲು ಬಾಲ. ವಿಮಾನದ ಮೂರು ಹಿಡಿತಗಳೂ ಅಲ್ಲಿಗೆ ಕೈಗೆ ಬಂದವು. ಆ ಋತುವಿನಲ್ಲಿ 700ರಿಂದ 1000 ಸಲ ತೇಲಿದರು. ಅತಿ ದೂರದ್ದು 622 ಅಡಿ, 26 ಸೆಕೆಂಡು.

ಇನ್ನು ಎಂಜಿನ್ ಇಡುವುದು ಬಾಕಿ. ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರದಲ್ಲಿ 12 ಅಶ್ವಶಕ್ತಿಯ ಎಂಜಿನ್ ಮಾಡಿಕೊಟ್ಟ. ಪ್ರೊಪೆಲ್ಲರ್ ಹೆಚ್ಚು ಕಾಡಿತು. ಹಡಗಿನ ಪ್ರೊಪೆಲ್ಲರ್‌ನ ಸೂತ್ರ ಎರವಲು ತರೋಣ ಎಂದು ಹುಡುಕಿದರೆ ಅಂಥ ಸೂತ್ರವೇ ಇರಲಿಲ್ಲ. ಇಬ್ಬರೂ ವಾದಕ್ಕೆ ಕೂತರು. ಎಷ್ಟು ವಾದ ಎಂದರೆ ಕೊನೆಗೆ ಅಣ್ಣ ತಮ್ಮನ ಪಕ್ಷಕ್ಕೂ ತಮ್ಮ ಅಣ್ಣನ ಪಕ್ಷಕ್ಕೂ ಹೋಗಿಬಿಟ್ಟಿರುತ್ತಿದ್ದರು. ಪ್ರೊಪೆಲ್ಲರ್ ಅಂದರೆ ಸುತ್ತುವ ರೆಕ್ಕೆ ಎಂದು ತೀರ್ಮಾನವಾದ ಮೇಲೆ ಪೆಟ್ಟಿಗೆಯ ಅಂಕಿಗಳೇ ಮತ್ತೆ ನೆರವಿಗೆ ಬಂದವು. ಕೈಯಿಂದ ಕೆತ್ತಿದ ಆ ಮರದ ಪ್ರೊಪೆಲ್ಲರ್‌ಗಳು ಎಂಜಿನ್‌ನಿಂದ ಬಂದ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲನ್ನು ಮುಂದಕ್ಕೆ ತಳ್ಳುವ ಕೆಲಸಕ್ಕೆ ಒದಗಿಸುತ್ತಿದ್ದವು.

ಅದೇ ಹೊತ್ತಿಗೆ ವಾಷಿಂಗ್ಟನ್‌ನಲ್ಲಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಎಂಬ ಹೆಸರಾಂತ ವಿಜ್ಞಾನಿಯೂ ಹಾರಲು ಸಿದ್ಧನಾಗಿದ್ದ. ಸರ್ಕಾರದ 50,000 ಡಾಲರ್, ಸಹಾಯಕ ಚಾರ್ಲ್ಸ್ ಮ್ಯಾನ್ಲಿ ಕಟ್ಟಿದ 52 ಅಶ್ವಶಕ್ತಿಯ ಅದ್ಭುತ ಎಂಜಿನ್. ರೈಟರದ್ದಕ್ಕಿಂತ ನಾಲ್ಕು ಪಟ್ಟು ಶಕ್ತಿ. ದೋಣಿಮನೆಯ ಮೇಲಿಂದ ಕವಣೆಯಂತೆ ಚಿಮ್ಮಿಸಿದ ಅವನ ಯಂತ್ರ 1903ರ ಅಕ್ಟೋಬರ್ 7ರಂದು ಪೊಟೊಮ್ಯಾಕ್ ನದಿಗೆ ಬಿತ್ತು, ಡಿಸೆಂಬರ್ 8ರಂದು ಮತ್ತೆ ಬಿತ್ತು. ಎರಡು ಸಲವೂ ಒಳಗಿದ್ದ ಮ್ಯಾನ್ಲಿ ಪುಣ್ಯಕ್ಕೆ ಬದುಕಿಕೊಂಡ. ಲ್ಯಾಂಗ್ಲಿಯನ್ನು ಪತ್ರಿಕೆಗಳು ಗೇಲಿ ಮಾಡಿದ್ದು ನ್ಯಾಯವಲ್ಲ. ಅವನ ಉಗಿ ಚಾಲಿತ ಮಾದರಿ ವಿಮಾನ 1896ರಲ್ಲಿ ಮುಕ್ಕಾಲು ಮೈಲಿಯ ಹತ್ತಿರ ಹಾರಿತ್ತು, ಅದು ಸಣ್ಣ ಸಾಧನೆಯಲ್ಲ. ಆದರೆ ಅವನ ದೊಡ್ಡ ಯಂತ್ರವನ್ನು ನಡೆಸುವುದನ್ನು ಯಾರೂ ಗಾಳಿಯಲ್ಲಿ ಕಲಿತೇ ಇರಲಿಲ್ಲ.

ಒಂಬತ್ತು ದಿನಗಳ ನಂತರ ಕಿಟ್ಟಿ ಹಾಕ್‌ನಲ್ಲಿ ನೀರಿನ ಹೊಂಡಗಳು ಹೆಪ್ಪುಗಟ್ಟಿದ್ದವು. ಗಾಳಿ ಗಂಟೆಗೆ 20 ಮೈಲಿಗೂ ಹೆಚ್ಚು. ಬೆಳಿಗ್ಗೆ 10.35ಕ್ಕೆ ಆರ್ವಿಲ್ ಹಾರಿದ, 120 ಅಡಿ. ಆ ಪ್ರಸಿದ್ಧ ಫೋಟೊ ತೆಗೆದ ಜಾನ್ ಡೇನಿಯಲ್ಸ್ ಹತ್ತಿರದ ಜೀವರಕ್ಷಕ ಠಾಣೆಯವನು, ಅದಕ್ಕೆ ಮೊದಲು ಕ್ಯಾಮೆರಾ ಮುಟ್ಟಿದವನಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲ್ಕನೇ ಸಲ ವಿಲ್ಬರ್ 59 ಸೆಕೆಂಡು, 852 ಅಡಿ ಹಾರಿದ. ನನಗೆ ಕೇಳಿದರೆ ಈ ನಾಲ್ಕನೆಯದೇ ನಿಜವಾದ ಹಾರಾಟ. ಆಮೇಲೆ ಗಾಳಿ ನಿಂತಿದ್ದ ವಿಮಾನವನ್ನು ಉರುಳಿಸಿ ಮುರಿಯಿತು. ಹಿಡಿಯಲು ಹೋದ ಡೇನಿಯಲ್ಸ್ ಅದರೊಳಗೆ ಸಿಕ್ಕಿಕೊಂಡು ಉರುಳಿದ, ಮೈಯೆಲ್ಲ ತರಚಿಕೊಂಡು ಹೊರಬಂದ.

ಮುಂದಿನ ಎರಡು ವರ್ಷ ಡೇಟನ್ ಹತ್ತಿರದ ಹಫ್‌ಮನ್ ಪ್ರೇರಿ ಎಂಬ ಹುಲ್ಲುಗಾವಲಿನಲ್ಲಿ ಕಳೆದವು. 1904ರ ಸೆಪ್ಟೆಂಬರ್ 20ರಂದು ವಿಲ್ಬರ್ ಮೊದಲ ಬಾರಿಗೆ ಪೂರ್ತಿ ಒಂದು ಸುತ್ತು ಹಾರಿದ. ಅದನ್ನು ಕಣ್ಣಾರೆ ಕಂಡು ವಿವರವಾಗಿ ಬರೆದದ್ದು ಜೇನುಸಾಕಣೆಯ ಪತ್ರಿಕೆ ನಡೆಸುತ್ತಿದ್ದ ಏಮೋಸ್ ರೂಟ್. 1905ರ ಅಕ್ಟೋಬರ್ 5ರಂದು 39 ನಿಮಿಷದಲ್ಲಿ 24 ಮೈಲಿ.

ಯುರೋಪು ಇದನ್ನು ನಂಬಲಿಲ್ಲ. ಅಲ್ಲಿ ಬ್ರೆಜಿಲ್‌ನ ಸಾಂತೋಸ್ ದ್ಯುಮೊಂಟ್ 1906ರಲ್ಲಿ ಪ್ಯಾರಿಸ್ ಜನರ ಮುಂದೆ ಹಾರಿ ಹೆಸರಾಗಿದ್ದ. ಫ್ರಾನ್ಸಿನ ವಿಮಾನಗಳು ಏಳುತ್ತಿದ್ದವು, ನೇರ ಹೋಗುತ್ತಿದ್ದವು, ತಿರುಗಲು ಮಾತ್ರ ಒದ್ದಾಡುತ್ತಿದ್ದವು. 1908ರ ಆಗಸ್ಟ್ 8ರಂದು ಲೆ ಮಾನ್ ಊರಿನ ಕುದುರೆ ಪಂದ್ಯದ ಮೈದಾನದಲ್ಲಿ ವಿಲ್ಬರ್ ಎರಡು ನಿಮಿಷಕ್ಕೂ ಕಡಿಮೆ ಹೊತ್ತು ಹಾರಿದ. ಅಷ್ಟರಲ್ಲೇ ರೆಕ್ಕೆ ವಾಲಿಸಿ, ಸಲೀಸಾಗಿ ಸುತ್ತು ಹೊಡೆದು ಇಳಿದ. ನೋಡುತ್ತಿದ್ದವರಲ್ಲಿ ಫ್ರಾನ್ಸಿನ ವಿಮಾನ ತಯಾರಕ ಲೂಯಿ ಬ್ಲೇರಿಯೊ ಕೂಡ ಇದ್ದ. ಒಂದು ವರ್ಷ ತುಂಬುವ ಮೊದಲೇ, 1909ರ ಜುಲೈ 25ರಂದು ಅವನು ಇಂಗ್ಲಿಷ್ ಕಾಲುವೆ ದಾಟಿ ಡೋವರ್‌ನಲ್ಲಿ ಇಳಿದ. ಅವನ ಒಂಟಿ ರೆಕ್ಕೆಯ ವಿಮಾನವೂ ವಾಲುತ್ತಿದ್ದದ್ದು ರೆಕ್ಕೆ ತಿರುಚಿಯೇ.

ವಿಮಾನದ ವೇಗ ಹೆಚ್ಚಿ ರೆಕ್ಕೆ ಗಟ್ಟಿಯಾದ ಮೇಲೆ ತಿರುಚುವುದು ಸಾಧ್ಯವಾಗಲಿಲ್ಲ. ಅದರ ಬದಲು ರೆಕ್ಕೆಯ ತುದಿಯ ಹತ್ತಿರ, ಹಿಂದಿನ ಅಂಚಿನಲ್ಲಿ ಕೀಲು ಹಾಕಿದ ಪಟ್ಟಿ ಬಂತು, ಅದೇ ಏಲರಾನ್. ಮುಂದಿನ ಸಲ ವಿಮಾನದಲ್ಲಿ ರೆಕ್ಕೆಯ ಹಿಂದಿನ ಕಿಟಕಿ ಸೀಟು ಸಿಕ್ಕರೆ, ವಿಮಾನ ತಿರುಗಲು ಶುರು ಮಾಡುವಾಗ ಆ ಪಟ್ಟಿಯನ್ನು ಗಮನಿಸಿ. ನಿಮ್ಮ ಕಡೆಯದು ಮೇಲೆದ್ದರೆ ನಿಮ್ಮ ಕಡೆಯ ರೆಕ್ಕೆ ಇಳಿಯುತ್ತದೆ.